ಮನೆಪಾಠ ಶಾಲೆಗೆ ಸಮವೇ?

ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವ ಯೋಚನೆ ಈಗ ನಮ್ಮ ಸಂಬಂಧಿಕರಲ್ಲೂ ಶುರುವಾಗಿದೆ. ನನ್ನ ಖಾಲಾ ಮಗಳಿಗೆ 12 ವರ್ಷ. ಏಳನೇ ತರಗತಿ ಮುಗಿದ ಮೇಲೆ ಅವಳು ಮನೆಯಲ್ಲೇ ಓದಲಿ, ಆಮೇಲೆ ಎನ್‌ಐಒಎಸ್ ಪರೀಕ್ಷೆ ಬರೆಯಲಿ ಎನ್ನುತ್ತಿದ್ದಾರೆ. ಅವಳನ್ನು ಯಾರೂ ಕೇಳಿಲ್ಲ.

ಈ ದಾರಿ ಸುಳ್ಳಲ್ಲ. 14 ವರ್ಷ ತುಂಬಿದವರು ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಓದಿದ ತಂದೆತಾಯಿ, ಸಮಯ, ಶಾಂತ ಕೋಣೆ ಇರುವ ಮನೆಗಳಲ್ಲಿ ಇದು ನಡೆಯಬಹುದು. ನಮ್ಮಂಥ ಮನೆಗಳಲ್ಲಿ?

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ನಾವೆಲ್ಲ ಇದನ್ನು ನೋಡಿದ್ದೇವೆ. ವಿಜಯನಗರದ ನಮ್ಮ ಮನೆಯಲ್ಲಿ ಮೂವರಿಗೆ ಒಂದೇ ಮೊಬೈಲ್. ಪಾಠದ ನಡುವೆ ರೊಟ್ಟಿ ಮಾಡಲು ಆಪಾಗೆ ಕರೆ ಬರುತ್ತಿತ್ತು, ತಮ್ಮನಿಗೆ ಬರುತ್ತಿರಲಿಲ್ಲ. ಮನೆಯಲ್ಲಿರುವ ಹುಡುಗಿಗೆ ಬಿಡುವಿದೆ ಎಂದೇ ಎಲ್ಲರೂ ತಿಳಿಯುತ್ತಾರೆ.

ಇನ್ನೊಂದು ಮಾತು. ನಮ್ಮ ಮನೆಮಾತು ಉರ್ದು. ನಾನು ಕನ್ನಡ ಕಲಿತದ್ದು ಶಾಲೆಯಲ್ಲಿ, ಗೆಳತಿಯರ ಜೊತೆ ಆಡಿ, ಜಗಳವಾಡಿ. ಇಂದು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅಮ್ಮಿಯ ಪರವಾಗಿ ಮಾತಾಡುವುದು ನಾನೇ. ಮನೆಯೊಳಗೇ ಬೆಳೆದ ಹುಡುಗಿಗೆ ಈ ಧೈರ್ಯ ಎಲ್ಲಿಂದ ಬರಬೇಕು?

ಶುಲ್ಕ ಭಾರವಾದರೆ ಸರ್ಕಾರಿ ಶಾಲೆಗಳಿವೆ, ಮೌಲಾನಾ ಆಜಾದ್ ಮಾದರಿ ಶಾಲೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆ ಹಕ್ಕು ಮಗುವಿನದು. ಹಿರಿಯರು ತೀರ್ಮಾನಿಸುವ ಮೊದಲು ಒಮ್ಮೆಯಾದರೂ ಅವಳನ್ನು ಕೇಳಲಿ.