ತಗಡಿನ ವಿಮಾನಗಳ ಸಾಲಲ್ಲಿ ಮಾರುತ ಯಾಕಿಲ್ಲ?

ರೂಪನಗುಡಿಯ ನಮ್ಮ ಮನೆ ಶೋಕೇಸಿನಲ್ಲಿ ಹಳೇ ಕಾಲದವುಗಳಂತೆ ಕಾಣೋ ತಗಡಿನ ಯುದ್ಧವಿಮಾನಗಳಿವೆ: ಸ್ಪಿಟ್‌ಫೈರ್, ಮಸ್ಟಾಂಗ್, ಫೋಕ್-ವುಲ್ಫ್ 190. ತುಕ್ಕಿನ ಬಣ್ಣವೂ ಕಾರ್ಖಾನೆಯದ್ದೇ :) ಅದಕ್ಕೆ ನನ್ನ ತಕರಾರಿಲ್ಲ. ತಕರಾರು, ಆ ಸಾಲಿನಲ್ಲಿ ಇಲ್ಲದ್ದರ ಬಗ್ಗೆ.

ಫೋಕ್-ವುಲ್ಫ್ 190 ವಿನ್ಯಾಸ ಮಾಡಿದ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳ ಜೊತೆ ಎಚ್‌ಎಫ್-24 ಮಾರುತ ರೂಪಿಸಿದರು. 1961ರ ಜೂನ್ 17ರಂದು ಅದು ಮೊದಲು ಹಾರಿತು. ತಕ್ಕ ಎಂಜಿನ್ ಸಿಗದೆ ಅಂದುಕೊಂಡ ವೇಗ ಮುಟ್ಟಲಿಲ್ಲ, ನಿಜ. ಆದರೂ 1971ರ ಯುದ್ಧದಲ್ಲಿ ಹೋರಾಡಿತು.

ನಾನು ಹುಡುಕಿದ ಅಂಗಡಿಗಳಲ್ಲಿ ತಗಡಿನ ಮಾರುತ ಇಲ್ಲ. ಕೇಳೋರಿಲ್ಲದಿದ್ದರೆ ಮಾಡೋರು ಯಾರು? ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿರೋ ಮಾರುತ ನೋಡಿ ಬನ್ನಿ. ಆಮೇಲೆ ಅಂಗಡಿಯವರನ್ನ ನೀವೂ ಕೇಳಿ. ಏನಂತೀರಿ?