ಸುರಕ್ಷತೆ ಗೋಡೆ ಮೇಲಿದ್ದರೆ ಸಾಕೇ?

ಮಾರ್ಚ್ 4 ಬಂತೆಂದರೆ ಕಾರ್ಖಾನೆಗಳಲ್ಲಿ ರಾಷ್ಟ್ರೀಯ ಸುರಕ್ಷತಾ ದಿನ. ಎದೆಗೆ ಬ್ಯಾಡ್ಜ್, ಸಾಲಾಗಿ ನಿಂತು ಪ್ರತಿಜ್ಞೆ, ಆಮೇಲೆ ಸಿಹಿ. ಮರುದಿನ ಮೊದಲಿನಂತೆಯೇ ಕೆಲಸ. ಇದನ್ನು ಸುರಕ್ಷತಾ ಕಾರ್ಯಕ್ರಮ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಡಿಪ್ಲೊಮಾ ಮುಗಿಸಿ ಒಂದು ವರ್ಷ ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಪ್ರೆಸ್ ಶಾಪ್‌ನಲ್ಲಿ ಅಪ್ರೆಂಟಿಸ್ ಆಗಿದ್ದೆ. ಅಲ್ಲಿನ ಪವರ್ ಪ್ರೆಸ್‌ಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ಕೆಳಗಿಳಿಯಬೇಕು. ಆಗ ಡೈ ಒಳಗೆ ಬೆರಳು ಇರಲು ಸಾಧ್ಯವೇ ಇಲ್ಲ. ಆದರೆ ಒಂದು ಬಟನ್‌ಗೆ ಕಡ್ಡಿ ಸಿಕ್ಕಿಸಿ ಸದಾ ಒತ್ತಿಟ್ಟಿದ್ದರು. ಒಂದು ಕೈಯಲ್ಲಿ ಶೀಟ್ ಇಡುತ್ತಾ ಇನ್ನೊಂದರಿಂದ ಒತ್ತಿದರೆ ಗಂಟೆಗೆ ಹೆಚ್ಚು ಪೀಸ್ ಬರುತ್ತದೆ. ಕಡ್ಡಿ ಯಾಕೆ ಅಣ್ಣಾ ಎಂದು ಆಪರೇಟರ್‌ರನ್ನು ಕೇಳಿದೆ. ‘ಟಾರ್ಗೆಟ್ ಇಳಿಸೋಕೆ ಹೇಳು ತಮ್ಮಾ, ಕಡ್ಡಿ ನಾನೇ ಕಿತ್ತಾಕ್ತೀನಿ’ ಅಂದರು. ಅವರ ಎಡಗೈಯಲ್ಲಿ ಮೂರೇ ಬೆರಳು.

ಬೆರಳು ಹೋದಾಗ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದುಬಿಡುತ್ತಾರೆ. ಟಾರ್ಗೆಟ್ ನಿಗದಿ ಮಾಡಿದವರ ಹೆಸರು ಎಲ್ಲೂ ಬರುವುದಿಲ್ಲ. (ಆಯುಧಪೂಜೆಯಲ್ಲಿ ಅದೇ ಪ್ರೆಸ್‌ಗೆ ಕುಂಕುಮ, ಬೂದುಗುಂಬಳ ಎಲ್ಲ ಇರುತ್ತದೆ!)

ಕಾನೂನೂ ಕೋಟೆ ಕೊಳ್ಳೆ ಹೋದ ಮೇಲೆಯೇ ಬಾಗಿಲು ಹಾಕಿದ್ದು. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕೆಂದರು. 2020ರ ಸಂಹಿತೆ ಸಾಮಾನ್ಯ ಕಾರ್ಖಾನೆಯಲ್ಲಿ 500 ಕಾರ್ಮಿಕರಿದ್ದರೆ ಸುರಕ್ಷತಾ ಅಧಿಕಾರಿ ಕಡ್ಡಾಯ ಎನ್ನುತ್ತದೆ. ನಮ್ಮ ಶೆಡ್‌ನಲ್ಲಿ ಇದ್ದದ್ದು ನಲವತ್ತು ಜನ. ನಮ್ಮಂಥವರ ಮೊದಲ ಕೆಲಸ ಸಿಗುವುದು ಇಂಥ ಕಡೆಯೇ.

ಹಾಗಂತ ಅಧಿಕಾರಿ ಇಲ್ಲದೆ ಏನೂ ಆಗದು ಎಂದಲ್ಲ. ವಾರಕ್ಕೆ ಅರ್ಧ ಗಂಟೆ ಮಾಲೀಕರು ಆಪರೇಟರ್‌ಗಳ ಜೊತೆ ಯಂತ್ರದಿಂದ ಯಂತ್ರಕ್ಕೆ ನಡೆಯಲಿ. ಒಂದು ನೋಟ್‌ಬುಕ್ ಇರಲಿ; ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಹೆಸರಿಲ್ಲದೆ ಬರೆಯಲಿ, ಮುಂದಿನ ವಾರದೊಳಗೆ ಉತ್ತರ ಸಿಗಲಿ. ಬರೆದವನನ್ನು ಹುಡುಕಿ ಬೈದರೆ ಆ ಪುಸ್ತಕ ಅಂದಿಗೇ ಮುಗಿಯಿತು. ಪ್ರೆಸ್‌ನ ಸದ್ದಿನಿಂದ ನಿಧಾನವಾಗಿ ಹೋಗುವ ಕಿವಿಯನ್ನಂತೂ ಯಾರೂ ಅಪಘಾತ ಎಂದು ಎಣಿಸುವುದಿಲ್ಲ. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆಯೂ ಇದರ ಭಾಗವಾಗಬೇಕು. ಗ್ಲೌಸ್ ಹಂಚಿ ಕೈತೊಳೆದುಕೊಳ್ಳುವುದು ಕೊನೆಯ ಮಾತು. ತಿರುಗುವ ಡ್ರಿಲ್ ಮುಂದೆ ಗ್ಲೌಸೇ ಅಪಾಯ ಎಂದು ಐಟಿಐ ಹುಡುಗರಿಗೂ ಗೊತ್ತು.

ಖರ್ಚು ಎಲ್ಲಿಂದ ತರೋಣ ಎಂಬ ಮಾಲೀಕರ ಪ್ರಶ್ನೆ ಪೂರ್ತಿ ಸುಳ್ಳಲ್ಲ. ದೊಡ್ಡ ಕಂಪನಿಗಳು ದರ ಹಿಂಡುತ್ತವೆ. ಅವರ ಆಡಿಟರ್ ಬಂದು ಪೀಸ್‌ನ ಅಳತೆಯನ್ನು ಮೈಕ್ರಾನ್ ಲೆಕ್ಕದಲ್ಲಿ ನೋಡಿ ಹೋದರು, ಬಟನ್‌ನಲ್ಲಿದ್ದ ಕಡ್ಡಿಯನ್ನು ನೋಡಲಿಲ್ಲ. ನೋಡಿದ್ದರೆ ಅಂದೇ ಅದು ಹೊರಬರುತ್ತಿತ್ತು.

ನಮ್ಮ ಕಾಲೇಜುಗಳೂ ಹಾಗೆಯೇ. ಪ್ಲೇಸ್‌ಮೆಂಟ್ ಸೆಲ್‌ಗಳು ಕಂಪನಿಗಳಿಂದ ಮೊದಲು ಕೇಳುವುದು ಪ್ಯಾಕೇಜ್ ಎಷ್ಟು ಎಂದು. ಸುರಕ್ಷತಾ ಸಮಿತಿ ಕಳೆದ ಬಾರಿ ಸಭೆ ಸೇರಿದ್ದು ಯಾವಾಗ, ಗಾರ್ಡ್ ಇಲ್ಲದ ಯಂತ್ರ ಮುಟ್ಟುವುದಿಲ್ಲ ಎಂದ ಹುಡುಗನಿಗೆ ಏನು ಮಾಡುತ್ತೀರಿ ಎಂದೂ ಈ ವರ್ಷದಿಂದಲೇ ಕೇಳಲಿ. ಅವರು ಕೇಳದಿದ್ದರೆ ಸಂದರ್ಶನದಲ್ಲಿ ನಾವೇ ಕೇಳೋಣ.