ಹಿಡಿಯುವವರ ಲೆಕ್ಕ

2025ರ ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ ನಾನು ತರಗತಿಯಲ್ಲಿ ಕುಮಾರವ್ಯಾಸನ ದ್ರೋಣಪರ್ವವನ್ನು ಪಾಠ ಮಾಡುತ್ತಿದ್ದೆ. ಅಭಿಮನ್ಯು ಚಕ್ರವ್ಯೂಹದ ಬಾಗಿಲಿಗೆ ಬಂದಿದ್ದ. ಅದೇ ವೇಳೆಗೆ ಹಿಂದಿನ ಸಾಲಿನಲ್ಲಿ ಒಂದು ನೋಟುಬುಕ್ಕು ಕೈಯಿಂದ ಕೈಗೆ ಸಾಗುತ್ತಿದ್ದುದು ಕಣ್ಣಿಗೆ ಬಿತ್ತು. ಮೇಷ್ಟರ ವೃತ್ತಿಯಲ್ಲಿ ಎಷ್ಟು ವರ್ಷ ಕಳೆದರೂ ಇಂಥ ಪುಸ್ತಕದೊಳಗೆ ಪದ್ಯವಿದ್ದೀತೆಂಬ ದುರಾಸೆ ನಮ್ಮನ್ನು ಬಿಟ್ಟುಹೋಗುವುದಿಲ್ಲ. ತರಿಸಿ ನೋಡಿದೆ. ಪದ್ಯವಿರಲಿಲ್ಲ. ಏಳು ಹೆಸರುಗಳಿದ್ದವು, ಪ್ರತಿಯೊಂದರ ಎದುರಿಗೂ ಒಂದು ಅಂಕಿ, ಎರಡು ಹೆಸರುಗಳ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿತ್ತು. ಗದರಬೇಕೆಂದು ಹೊರಟವನಿಗೆ ಪುಸ್ತಕದ ಒಡೆಯ ಬಹಳ ವಿನಯದಿಂದ ಕೇಳಿದ: “ಸಾರ್, ದಾಳಿಯವರು ಸಿಕ್ಕಿದ್ದಾರೆ. ಹಿಡಿಯುವವರಲ್ಲಿ ಯಾರನ್ನು ತೆಗೆದುಕೊಳ್ಳಬೇಕೋ ತಿಳಿಯುತ್ತಿಲ್ಲ.”

ಈ ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಪ್ರೊ ಕಬಡ್ಡಿ ಎಂಬ ಪಂದ್ಯಾವಳಿ 2014ರಲ್ಲಿ ಮೊದಲಾಯಿತು. ನಮ್ಮ ಬೆಂಗಳೂರು ಬುಲ್ಸ್ ತಂಡ ಅಂದಿನಿಂದಲೂ ಅದರಲ್ಲಿದೆ. ಅಲ್ಲಿ ನಿಜವಾದ ಆಟಗಾರರು ನಿಜವಾಗಿ ಆಡುತ್ತಾರೆ. ಮನೆಯಲ್ಲಿ ಕುಳಿತವನು ಎದುರಾಗುವ ಎರಡು ತಂಡಗಳಿಂದಲೂ ತನಗೆ ಬೇಕಾದವರನ್ನು ಆರಿಸಿ ಏಳು ಜನರ ಕಲ್ಪನಾತಂಡವೊಂದನ್ನು ಕಟ್ಟಿಕೊಳ್ಳುತ್ತಾನೆ. ಆಟಗಾರನಿಗೊಂದು ಬೆಲೆ, ಏಳು ಜನರ ಬೆಲೆ ಸೇರಿ ನೂರನ್ನು ಮೀರಬಾರದು. ಅವರು ಅಂಕಣದಲ್ಲಿ ಗಳಿಸಿದ ಅಂಕ ಇವನ ಖಾತೆಗೂ ಬೀಳುತ್ತದೆ. ನಾಯಕನೆಂದು ಗುರುತಿಸಿದವನ ಅಂಕಕ್ಕೆ ಎರಡರಷ್ಟು, ಉಪನಾಯಕನದಕ್ಕೆ ಒಂದೂವರೆಯಷ್ಟು. ಬೆವರು ಒಬ್ಬನದು, ಲೆಕ್ಕ ಇನ್ನೊಬ್ಬನದು. ಕೆಲವು ವರ್ಷ ಇದು ಹಣ ಕಟ್ಟಿ ಆಡುವ ಆಟವಾಗಿ ದೇಶವನ್ನೇ ಹಿಡಿದಿತ್ತು. ನಮ್ಮ ರಾಜ್ಯ 2021ರಲ್ಲಿ ಹಣದ ಆಟಗಳನ್ನು ನಿಷೇಧಿಸಿ ತಂದ ಶಾಸನವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ತಳ್ಳಿಹಾಕಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿದ ಮೇಲೆ ಹಣದ ಸ್ಪರ್ಧೆಗಳು ನಿಂತುವು. ನಿಂತದ್ದು ಒಳ್ಳೆಯದೇ. ಪರೀಕ್ಷೆಯ ಶುಲ್ಕವನ್ನು ಇದರಲ್ಲಿ ಕಳೆದುಕೊಂಡು, ತಂದೆಗೆ ಹೇಳಲಾರದೆ, ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಹುಡುಗನನ್ನು ನಾನು ಕಂಡಿದ್ದೇನೆ. ಇದು ಜಾಣ್ಮೆಯ ಆಟವೋ ಜೂಜೋ ಎಂದು ವಕೀಲರು ವಾದಿಸಲಿ. ಆ ಹುಡುಗನಿಗೆ ಎರಡೂ ಒಂದೇ ಆಗಿದ್ದವು.

ನನ್ನ ಹಿಂದಿನ ಸಾಲಿನವರು ಕಾನೂನಿಗೆ ವಿಧೇಯರು. ದುಡ್ಡು ಹೋಯಿತು, ನೋಟುಬುಕ್ಕು ಬಂತು. ಅಂಕಗಳನ್ನು ತಾವೇ ಕೈಯಲ್ಲಿ ಬರೆದು ಕೂಡುತ್ತಾರೆ. ಸೋತವನು ಸುಬ್ರಹ್ಮಣ್ಯಪುರದ ಮುಖ್ಯರಸ್ತೆಯ ಹೋಟೆಲಿನಲ್ಲಿ ಉಳಿದವರಿಗೆ ಚಹಾ ಕೊಡಿಸಬೇಕು. ನಾನಿರುವುದೂ ಆ ಬಡಾವಣೆಯಲ್ಲಿಯೇ ಆದ್ದರಿಂದ ಒಂದೆರಡು ಸಲ ಗೆದ್ದವರ ಚಹಾದಲ್ಲಿ ಪಾಲು ಪಡೆದಿದ್ದೇನೆ. ಹೀಗಾಗಿ ಈ ವಿಷಯದಲ್ಲಿ ನಾನು ಪೂರ್ಣ ನಿಷ್ಪಕ್ಷಪಾತಿಯಲ್ಲ.

ಹುಡುಗನ ಪ್ರಶ್ನೆ ಮಾತ್ರ ನಾನು ಎಣಿಸಿದ್ದಕ್ಕಿಂತ ಕಠಿಣವಾಗಿತ್ತು. ದಾಳಿಯವನನ್ನು ಆರಿಸುವುದು ಸುಲಭ. ಅವನು ಒಬ್ಬನೇ ಹೋಗುತ್ತಾನೆ, ಉಸಿರು ಹಿಡಿದು ಮೂವತ್ತು ಸೆಕೆಂಡು ಆಡುತ್ತಾನೆ, ಮುಟ್ಟಿದಷ್ಟು ಅಂಕ ತರುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆ. 2019ರ ಜನವರಿ 5ರಂದು ಬುಲ್ಸ್ ತಂಡ ಗುಜರಾತನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಪಡೆದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅದನ್ನು ನಮ್ಮ ಊರಿನ ಚಿಕ್ಕ ಮಕ್ಕಳೂ ಹೇಳಬಲ್ಲರು. ಆ ಋತುವಿನಲ್ಲಿ ಬುಲ್ಸ್ ಪರವಾಗಿ ಕವರ್‌ನಲ್ಲಿ ನಿಂತು ಹಿಡಿಯುತ್ತಿದ್ದ ಮಹೇಂದರ್ ಸಿಂಗರ ಹೆಸರನ್ನು ತರಗತಿಯಲ್ಲಿ ಕೇಳಿದೆ. ಅರುವತ್ತು ಜನರಲ್ಲಿ ಇಬ್ಬರು ಕೈ ಎತ್ತಿದರು. ಇದು ಅವರ ತಪ್ಪಲ್ಲ. ನಾನು ಪಾಠ ಮಾಡುತ್ತಿದ್ದ ಪರ್ವದಲ್ಲಾದರೂ ಏನಾಗಿದೆ? ವ್ಯೂಹವನ್ನು ಹೊಕ್ಕವನ ಹೆಸರು ಹಳ್ಳಿಹಳ್ಳಿಯ ಬಯಲಾಟದಲ್ಲಿದೆ. ಅವನ ಹಿಂದೆಯೇ ನುಗ್ಗಬೇಕಾಗಿದ್ದ ನಾಲ್ವರು ಪಾಂಡವರನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದವನು ಸೈಂಧವ. ಆ ದಿನದ ಯುದ್ಧ ತೀರ್ಮಾನವಾದದ್ದು ಅವನ ತಡೆಯಿಂದ. ಅವನು ಅಧರ್ಮದ ಪಕ್ಷದವನೆಂಬುದು ನಿಜ, ಅವನ ಬಲ ಶಿವನ ವರದ್ದೆಂಬುದೂ ನಿಜ; ಆದರೂ ತಡೆ ತಡೆಯೇ. ನಾವು ಅವನನ್ನು ನೆನೆಯುವುದು ಮರುದಿನ ಅವನ ತಲೆ ಉರುಳಿದ್ದಕ್ಕಾಗಿ.

ಹಿಡಿಯುವವನಿಗೆ ಅಂಕ ಬರುವುದು ಹಿಡಿದಾಗ. ಇದು ನ್ಯಾಯವೆಂದೇ ತೋರುತ್ತದೆ. ಆದರೆ ಹಿಡಿತವೆಂಬುದು ಒಬ್ಬನ ಕೆಲಸವೇ? ಮೂಲೆಯವನು ಪಾದಕ್ಕೆ ಬೀಳುತ್ತಾನೆ. ಅದೇ ಕ್ಷಣಕ್ಕೆ ಕವರ್‌ನವನು ಎದೆಯಿಂದ ನೂಕಿ ದಾಳಿಯವನನ್ನು ಗೀಟಿನಿಂದ ದೂರ ಮಾಡದಿದ್ದರೆ ಪಾದ ಜಾರಿಹೋಗುತ್ತದೆ. ಕೈ ಕೈ ಹಿಡಿದು ಸರಪಳಿಯಾಗಿ ನಿಂತವರಲ್ಲಿ ಒಬ್ಬ ಮುಂದೆ ಹಾರಿದರೆ ಇನ್ನೊಬ್ಬ ಅವನಿಗೆ ಬೆನ್ನಾಗಬೇಕು. ಲೆಕ್ಕದ ಪುಸ್ತಕದಲ್ಲಿ ಅಂಕ ಸಾಮಾನ್ಯವಾಗಿ ಮೊದಲು ಹಿಡಿದವನ ಹೆಸರಿಗೆ ಬೀಳುತ್ತದೆ. ಬೆನ್ನಾದವನಿಗೆ ಆಯುಷ್ಯದಲ್ಲಿ ಉಳಿಯುವುದು ಬೆನ್ನುನೋವು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಸುಬ್ರಹ್ಮಣ್ಯಪುರ ಇನ್ನೂ ಹೊಲಗಳ ನಡುವಿನ ಹಳ್ಳಿಯಂತಿದ್ದ ದಿನಗಳಲ್ಲಿ, ರಾಗಿ ಕೊಯ್ದ ಹೊಲದಲ್ಲಿ ನಾವು ಸಂಜೆ ಕಬಡ್ಡಿ ಆಡುತ್ತಿದ್ದೆವು. ನಮ್ಮ ಕಡೆ ಎಡಮೂಲೆಯಲ್ಲಿ ಒಬ್ಬ ಹುಡುಗ ನಿಲ್ಲುತ್ತಿದ್ದ. ಮಾತು ಕಡಿಮೆ, ಮೈಕಟ್ಟು ಒರಟು. ಮೊದಲ ವಾರದಲ್ಲಿ ಅವನು ಮೂರೋ ನಾಲ್ಕೋ ಜನರನ್ನು ಹಿಡಿದ. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಒಬ್ಬ ಎರಡು ದಿನ ಕುಂಟಿದ. ಅನಂತರ ಎದುರಿನವರು ಯಾರೂ ಅವನ ಕಡೆಗೆ ಹೋಗಲಿಲ್ಲ. ಅಂಕಣದ ಅರ್ಧ ಭಾಗ ಅವರ ಪಾಲಿಗೆ ಇಲ್ಲವಾಯಿತು. ಇಕ್ಕಟ್ಟಿನಲ್ಲಿ ಬಲಗಡೆಗೇ ಬರುತ್ತಿದ್ದರು. ಅಲ್ಲಿ ನಾವು ಉಳಿದವರು, ಅಷ್ಟೇನೂ ಗಟ್ಟಿಗರಲ್ಲದವರು, ಹಿಡಿದು ಹೆಸರು ಮಾಡಿದೆವು. ನಾನೂ ಹೆಸರು ಮಾಡಿದೆ. ಇಂದು ಆ ಆಟಕ್ಕೆ ಕಲ್ಪನಾತಂಡದ ಲೆಕ್ಕ ಹಚ್ಚಿದರೆ ಅವನಿಗೆ ಬರುವುದು ಸೊನ್ನೆ. ಅವನ ಬೆಲೆ ವಾರವಾರವೂ ಇಳಿಯುತ್ತಿತ್ತು. ಬುದ್ಧಿವಂತರು ಅವನನ್ನು ಬಿಟ್ಟು ನನ್ನನ್ನು ಆರಿಸುತ್ತಿದ್ದರು.

ಪ್ರೊ ಕಬಡ್ಡಿಯ ನಿಯಮವೊಂದು ಈ ವಿಚಿತ್ರವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಮೆಯೋ ಉಳಿದಿರುವಾಗ ದಾಳಿಯವನನ್ನು ಹಿಡಿದರೆ ತಂಡಕ್ಕೆ ಒಂದರ ಬದಲು ಎರಡು ಅಂಕ. ಅದಕ್ಕೆ ‘ಸೂಪರ್ ಟ್ಯಾಕಲ್’ ಎಂದು ಹೆಸರು. ನೋಡುವವರಿಗೆ ರೋಮಾಂಚನವಾಗುವುದು ಸಹಜ. ಆದರೆ ಮೂವರೇ ಉಳಿದಿದ್ದಾರೆಂದರೆ ಅದಕ್ಕೆ ಮೊದಲು ನಾಲ್ವರು ಹೊರಗೆ ಹೋಗಿದ್ದಾರೆ ಎಂದಾಯಿತು. ಏಳು ಜನರನ್ನೂ ಉಳಿಸಿಕೊಂಡು ಆಡುವ ಗಟ್ಟಿ ತಂಡದ ಹಿಡಿಗಾರನಿಗೆ ಈ ಅವಕಾಶವೇ ಬರುವುದಿಲ್ಲ. ಆದ್ದರಿಂದ ಅನುಭವಿಗಳು ನನ್ನ ಶಿಷ್ಯನಿಗೆ ಗುಟ್ಟಾಗಿ ಹೇಳುವ ಉಪದೇಶ ಇದು: ಸೋಲುವ ತಂಡದ ಮೂಲೆಯವನನ್ನು ಆರಿಸು. ಲೆಕ್ಕದ ದೃಷ್ಟಿಯಿಂದ ಈ ಉಪದೇಶದಲ್ಲಿ ಹುರುಳಿದೆ. ಮನೆಗೆ ಬೆಂಕಿ ಬಿದ್ದ ಮೇಲೆ ನೀರು ಹೊತ್ತವನಿಗೆ ಇಮ್ಮಡಿ ಕೂಲಿ, ಒಲೆಯ ಕೆಂಡವನ್ನು ರಾತ್ರಿ ಆರಿಸಿ ಮಲಗಿದವಳಿಗೆ ಏನೂ ಇಲ್ಲ.

ಅಂಕ ಗಳಿಸುವ ಹಿಡಿಗಾರರೆಲ್ಲ ಟೊಳ್ಳು ಎಂದು ನಾನು ಹೇಳುತ್ತಿಲ್ಲ. 2018–19ರ ಋತುವಿನಲ್ಲಿ ಯು.ಪಿ. ಯೋಧಾ ತಂಡದ ನಿತೇಶ್ ಕುಮಾರ್ ಒಂದೇ ಋತುವಿನಲ್ಲಿ ಹಿಡಿತದಿಂದ ನೂರು ಅಂಕ ಮುಟ್ಟಿದರು. ಅದಕ್ಕೆ ಮೊದಲು ಯಾರೂ ಮುಟ್ಟಿರಲಿಲ್ಲ. ಬಲಮೂಲೆಯಲ್ಲಿ ಅವರು ಕಾಲ ನೋಡಿ ಬೀಳುತ್ತಿದ್ದ ರೀತಿಯನ್ನು ಕಂಡವರು ಅಂಕಿಗಳನ್ನು ಹೀಗಳೆಯಲಾರರು. ನನ್ನ ಆಕ್ಷೇಪಣೆ ಅಂಕಿಯ ಮೇಲಲ್ಲ, ಅಂಕಿಯನ್ನಷ್ಟೇ ನೋಡುವ ಕಣ್ಣಿನ ಮೇಲೆ. ಅದೇ 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಏನಾಯಿತು? 1990ರಲ್ಲಿ ಕಬಡ್ಡಿ ಅಲ್ಲಿಗೆ ಸೇರಿದಂದಿನಿಂದ ಪುರುಷರ ವಿಭಾಗದ ಏಳು ಚಿನ್ನವನ್ನೂ ಗೆದ್ದಿದ್ದ ಭಾರತ ಸೆಮಿಫೈನಲಿನಲ್ಲಿ ಇರಾನಿಗೆ 27–18ರಿಂದ ಸೋತಿತು. ಹೆಸರಾಂತ ದಾಳಿಗಾರರಿದ್ದ ನಮ್ಮ ತಂಡಕ್ಕೆ ನಲವತ್ತು ನಿಮಿಷದಲ್ಲಿ ಬಂದದ್ದು ಹದಿನೆಂಟೇ ಅಂಕ. ಫಜಲ್ ಅತ್ರಾಚಲಿಯಂಥವರಿದ್ದ ಆ ಇರಾನೀ ತಂಡದ ಸಾಧನೆಯನ್ನು ಹಿಡಿದವರ ಪಟ್ಟಿಯಲ್ಲಿ ಹುಡುಕಿದರೆ ಅರ್ಧ ಸಿಕ್ಕೀತು. ಉಳಿದರ್ಧ, ನಮ್ಮವರು ಹೋಗಿ ಬರಿಗೈಯಲ್ಲಿ ಹಿಂದಿರುಗಿದ ಆ ದಾಳಿಗಳಲ್ಲಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೆಲ್ಬರ್ನ್ ನಗರದಲ್ಲಿದ್ದಾನೆ. ಇದನ್ನೆಲ್ಲ ಅವನಿಗೆ ಬರೆದಾಗ ಅಲ್ಲಿಯೂ ಇದೇ ಕಥೆ ಎಂದು ಉತ್ತರ ಬಂತು. ಮೊಟ್ಟೆಯಾಕಾರದ ಬಯಲಿನಲ್ಲಿ ಹದಿನೆಂಟು ಹದಿನೆಂಟು ಜನ ಆಡುವ ಅಲ್ಲಿನ ಫುಟ್ಬಾಲಿಗೂ ಕಲ್ಪನಾತಂಡಗಳುಂಟು. ಅದರಲ್ಲಿ ರಕ್ಷಕರೇ ಆರು ಮಂದಿ. ಚೆಂಡನ್ನು ಒದ್ದರೆ ಮೂರು ಅಂಕ, ಕೈಯಿಂದ ಹೊಡೆದು ಕೊಟ್ಟರೆ ಎರಡು, ಹಾರಿ ಹಿಡಿದರೆ ಮೂರು. ಎದುರಾಳಿ ಗೋಲಿನ ಮುಂದೆ ಚೆಂಡಿಗೆ ಹಾರಿದಾಗ ಮುಷ್ಟಿಯಿಂದ ಅದನ್ನು ಗುದ್ದಿ ಅವನ ಕೈತಪ್ಪಿಸುವವನಿಗೆ? ಏನೂ ಇಲ್ಲ. ಆದ್ದರಿಂದ ಜಾಣರು ಹಿಂದಿನ ಸಾಲಿಗೆ ಆರಿಸುವುದು ಗೋಲನ್ನು ಕಾಯುವವನನ್ನಲ್ಲ, ಅಪಾಯ ಕಳೆದ ಮೇಲೆ ಚೆಂಡನ್ನು ಪಡೆದು ಮುಂದಕ್ಕೆ ಸಾಗಿಸುವವನನ್ನು. ಸಪ್ತಸಮುದ್ರದಾಚೆಯೂ ಲೆಕ್ಕಿಗನ ಕಣ್ಣು ಒಂದೇ ಬಗೆಯದು.

ನಮ್ಮ ಪೂರ್ವಿಕರು ಕಾಯುವವನನ್ನು ಮರೆತಿರಲಿಲ್ಲವೆಂದು ಹೇಳಿ ಎದೆಯುಬ್ಬಿಸಬಹುದಿತ್ತು. ಕನ್ನಡನಾಡಿನ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ತುರುಗಾಳಗದವು. ಊರಿನ ದನಗಳನ್ನು ಹೊಡೆದೊಯ್ಯಲು ಬಂದವರನ್ನು ತಡೆದು ಸತ್ತವರಿಗೆ ನಿಲ್ಲಿಸಿದವು. ನಮ್ಮ ಸುಬ್ರಹ್ಮಣ್ಯಪುರದಿಂದ ಪೂರ್ವಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ, ಒಂಬತ್ತನೆಯ ಶತಮಾನದ ಕೊನೆಯದೆಂದು ಎಣಿಸುವ ವೀರಗಲ್ಲು ಶಾಸನವೊಂದಿದೆ. ಬೆಂಗಳೂರು ಎಂಬ ಹೆಸರಿಗೆ ಹಳೆಯ ಸಾಕ್ಷಿಯೆಂದು ಅದನ್ನು ಎಲ್ಲರೂ ತೋರಿಸುತ್ತಾರೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವನು ಮಡಿದನೆಂಬುದು ಅದರ ವಿಷಯ. ನಮ್ಮ ಊರಿನ ಹೆಸರು ಉಳಿದದ್ದು ಸತ್ತವನೊಬ್ಬನ ಕಲ್ಲಿನಲ್ಲಿ. ಆದರೆ ಯೋಚಿಸಿದರೆ ಕಲ್ಲೂ ಬಿದ್ದವನನ್ನೇ ಕಂಡಿದೆ. ಯಾವನ ಹೆದರಿಕೆಯಿಂದ ಕಳ್ಳರು ಆ ಊರಿನ ದಾರಿಯನ್ನೇ ಹಿಡಿಯಲಿಲ್ಲವೋ ಅವನು ಮುದುಕನಾಗಿ ಮನೆಯಲ್ಲಿ ಸತ್ತ, ಅವನಿಗೆ ಕಲ್ಲಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು. ಕಲ್ಲು ನಿಲ್ಲಿಸಿದವರು ಸತ್ತವನನ್ನು ಬಲ್ಲವರಾಗಿದ್ದರು.

ಇಷ್ಟು ದೂರ ಬಂದ ಮೇಲೆ ಸ್ವಂತದ ಮಾತೊಂದನ್ನು ಹೇಳದಿರಲಾರೆ. ನಮ್ಮ ಬಡ್ತಿಯ ಅರ್ಜಿಯಲ್ಲಿಯೂ ಅಂಕಗಳಿವೆ. ಲೇಖನಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು. ನಾನು ಅವನ್ನು ಶ್ರದ್ಧೆಯಿಂದ ಕೂಡಿಸಿದವನೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ವರ್ಷಕ್ಕೊಂದು ಪ್ರಬಂಧವನ್ನೂ ಅವರು ಬರೆದವರಲ್ಲ. ನಾವು ಕಿರಿಯರು ಅವರ ಬೆನ್ನ ಹಿಂದೆ ನಗುತ್ತಿದ್ದೆವು. ಯಾವ ಹುಡುಗಿ ಮೂರು ದಿನ ತರಗತಿಗೆ ಬರಲಿಲ್ಲವೆಂಬುದು ಅವರಿಗೆ ಗೊತ್ತಿರುತ್ತಿತ್ತು. ನಾಲ್ಕನೆಯ ದಿನ ಬಸ್ಸು ಹತ್ತಿ ಅವಳ ಊರಿಗೆ ಹೋಗಿ, ತಂದೆಯೊಡನೆ ಜಗಲಿಯಲ್ಲಿ ಕುಳಿತು, ಮಳೆಬೆಳೆಯ ಮಾತಾಡಿ ಬರುತ್ತಿದ್ದರು. ಹುಡುಗಿ ಮರುವಾರ ತರಗತಿಯಲ್ಲಿರುತ್ತಿದ್ದಳು. ಅವರು ನಿವೃತ್ತರಾದ ಎರಡು ವರ್ಷದಲ್ಲಿ ಕಡೆಯ ವರ್ಷದ ಹಾಜರಿ ಪುಸ್ತಕ ತೆಳ್ಳಗಾಯಿತು. ಕಾರಣವನ್ನು ಹುಡುಕಲು ಸಮಿತಿಯೊಂದಾಯಿತು. ಅದರ ಸದಸ್ಯನಾಗಿದ್ದುದಕ್ಕೆ ನನಗೆ ಅಂಕ ಬಂತು.

ನೋಟುಬುಕ್ಕಿನ ಒಡೆಯನಿಗೆ ನಾನು ಕೊಟ್ಟ ಉತ್ತರವನ್ನು ಹೇಳಿಬಿಡುತ್ತೇನೆ. ಪಟ್ಟಿಯನ್ನು ಮುಚ್ಚಿಟ್ಟು ಎರಡು ಪಂದ್ಯ ನೋಡು ಎಂದೆ. ದಾಳಿಯವನು ಯಾರ ಕಡೆಗೆ ಹೋಗಲು ಹಿಂಜರಿಯುತ್ತಾನೆಂಬುದನ್ನು ಗುರುತುಮಾಡು. ಮೂಲೆಯವನು ಬಿದ್ದಾಗ ಪಕ್ಕದವನ ಕಾಲು ಎಲ್ಲಿರುತ್ತದೆಂಬುದನ್ನು ನೋಡು. ಕಬಡ್ಡಿಯ ನಿಯಮವೇ ಈ ವಿಷಯದಲ್ಲಿ ನಿಮ್ಮ ನೋಟುಬುಕ್ಕಿಗಿಂತ ಜಾಣತನದ್ದು: ಒಂದು ತಂಡ ಸತತವಾಗಿ ಎರಡು ಸಲ ಬರಿಗೈಯಲ್ಲಿ ಹಿಂದಿರುಗಿದರೆ ಮೂರನೆಯದು ಮಾಡು ಇಲ್ಲವೆ ಮಡಿ ಎಂಬ ದಾಳಿ, ಆಗಲೂ ಅಂಕ ತಾರದಿದ್ದರೆ ಅವನು ಹೊರಕ್ಕೆ. ತಡೆದ ಎರಡು ಸಲವನ್ನು ಆಟ ನೆನಪಿಟ್ಟಿರುತ್ತದೆ. ನೀವೂ ಏಕೆ ನೆನಪಿಡಬಾರದು? ಪ್ರತಿಯೊಂದು ಬರಿಗೈ ದಾಳಿಗೂ ಹಿಡಿಯುವವರಿಗೆ ಒಂದಂಕ ಬರೆದುಕೊಳ್ಳಿ.

ಈ ತಿದ್ದುಪಡಿಯನ್ನು ಅವರು ಗಂಭೀರವಾಗಿಯೇ ಸ್ವೀಕರಿಸಿದರು. ಮುಂದಿನ ಭಾನುವಾರ ಹೋಟೆಲಿನ ಮೂಲೆಯ ಮೇಜಿನಲ್ಲಿ ನಾಲ್ವರು ನೋಟುಬುಕ್ಕು ಹರವಿಕೊಂಡು ಕುಳಿತಿದ್ದರು, ಗೋಡೆಯ ಟಿ.ವಿ.ಯಲ್ಲಿ ಪಂದ್ಯ ನಡೆದಿತ್ತು. ದಾಳಿಯವನೊಬ್ಬ ಎಡಕ್ಕೆ ಎರಡು ಹೆಜ್ಜೆ ಇಟ್ಟು, ನಿಂತು, ಬಲಕ್ಕೆ ಸರಿದು, ಗಡಿಯಾರ ನೋಡಿ ಹಿಂದಿರುಗಿದ. ಪ್ರೇಕ್ಷಕರಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಜಿನ ಸುತ್ತ ಮಾತ್ರ ಗದ್ದಲವೆದ್ದಿತು. ಒಂದಂಕ ಬಂದದ್ದೇನೋ ಸರಿ. ಅದನ್ನು ಎಡಮೂಲೆಯವನಿಗೆ ಕೊಡುವುದೋ, ಏಳು ಜನರಿಗೂ ಹಂಚುವುದೋ, ಹಂಚಿದರೆ ಏಳನೆಯ ಒಂದು ಭಾಗವನ್ನು ದಶಾಂಶದಲ್ಲಿ ಎಷ್ಟು ಸ್ಥಾನದವರೆಗೆ ಬರೆಯುವುದೋ ತೀರ್ಮಾನವಾಗಲಿಲ್ಲ. ನನ್ನನ್ನು ಕೇಳಿದರು. ಅಷ್ಟರಲ್ಲಿ ಇನ್ನೊಬ್ಬ ದಾಳಿಗೆ ಹೊರಟಿದ್ದ, ಚಹಾ ಆರುತ್ತಿತ್ತು.